ಒಂದೇ ಮಣೆ, ಎರಡು ಮಾತ್ರೆ

ತೊಂಬತ್ತು ಅಡಿ ರಸ್ತೆಯಿಂದ ಒಳಗೆ ಮೂರು ತಿರುವು. ಎರಡನೆಯ ತಿರುವಿನಲ್ಲಿ ಇಡ್ಲಿ ಹಿಟ್ಟು ರುಬ್ಬುವ ಸದ್ದು, ಮೂರನೆಯದರಲ್ಲಿ ಚರ್ಮದ ವಾಸನೆ. ಕೆಳಗೆ ಎರಡು ಹೊಲಿಗೆ ಮಷೀನು, ಕಬ್ಬಿಣದ ಏಣಿ ಹತ್ತಿದರೆ ಮಾಳಾ, ಅಂದರೆ ಅಟ್ಟ. ಅಲ್ಲಿ ಯಾರೂ ನೆಟ್ಟಗೆ ನಿಲ್ಲುವಂತಿಲ್ಲ, ಕೂತೇ ಮಾತಾಡಬೇಕು. ಅಲ್ಲಿ ಕೂತಿದ್ದವರು ಲ್ಯಾಪ್‌ಟಾಪಿಗೆ ಚರ್ಮದ ಚೀಲ ಹೊಲಿಯುವವರು. ಅದಕ್ಕೂ ಮೊದಲು ಫೋರ್ಟಿನ ಆಫೀಸುಗಳನ್ನು ಸುತ್ತಿ ಕೀಬೋರ್ಡು ರಿಪೇರಿ ಮಾಡುತ್ತಿದ್ದರಂತೆ. ಊರು ಜೇವರ್ಗಿ ಕಡೆ. ನಾನು ಡೊಂಬಿವಲಿಯಿಂದ ಬಂದವಳು, ಕನ್ನಡಕ್ಕೆ ಅನುವಾದ ಮಾಡಿ ಹೊಟ್ಟೆ ಹೊರೆಯುವವಳು, ಮನೆಮಾತಿನಲ್ಲಿ ಮಂಗಳೂರು ಇನ್ನೂ ಬಿಟ್ಟಿಲ್ಲ. ಕೈಯಲ್ಲಿ ಕತ್ತರಿಸಿದ ಒಂದು ರಟ್ಟಿನ ತುಂಡಿತ್ತು.

— ಚೀಲ ಯಾವ ಸೈಜಿಂದು ಬೇಕ್ರೀ ಅಕ್ಕಾರ? ಹದಿನಾಲ್ಕು ಇಂಚೋ, ಹದಿನೈದೋ?

— ಚೀಲ ಆಮೇಲೆ ಅಣ್ಣ. ಚೀಲದ ಒಳಗೆ ಇಡ್ಲಿಕ್ಕೆ ಒಂದು ಸಾಮಾನು ಆಗಬೇಕು. ಇದು ನೋಡಿ.

— ಇದು ರಟ್ಟಲ್ಲ?

— ಈಗ ರಟ್ಟು. ಮುಂದೆ ಕೀಲಿಮಣೆ ಆಗಬೇಕು.

— ಮಣಿ! ಭಾಳ ದಿನ ಆಯ್ತು ಈ ಶಬ್ದ ಕೇಳಿ. ನಮ್ಮ ಕಡಿ ಊಟಕ್ಕ ಕೂಡೂ ಮುಂದ ಮಣಿ ಹಾಕ್ತಾರ. ನೀವು ಬಟ್ಟುಗಳಿಗ ಮಣಿ ಹಾಕ್ಸಾಕ ಬಂದೀರಿ. ಬಜಾರದಾಗ ಐನೂರಕ್ಕ ಸಿಗ್ತದಲ್ರೀ, ಅದಕ್ಕ ಇಷ್ಟು ದೂರ ಯಾಕ?

— ಐನೂರರದ್ದು ಮೂರು ಆಯಿತು. ಮೂರಕ್ಕೂ ನನ್ನ ಎಡಗೈ ಕಿರುಬೆರಳ ಮೇಲೇ ಕಣ್ಣು. ಸಂಜೆಯಾದರೆ ಬೆರಳಿನ ಬುಡದಿಂದ ಮಣಿಗಂಟಿನ ತನಕ ಸೆಳೆತ. ಡಾಕ್ಟರು ದಿನಕ್ಕೆರಡು ಮಾತ್ರೆ ಕೊಟ್ಟರು, ಕೆಲಸ ಕಡಿಮೆ ಮಾಡಿ ಅಂದರು. ಪುಟಕ್ಕಿಷ್ಟು ಅಂತ ದುಡ್ಡು ಬರುವವಳು ಕೆಲಸ ಕಡಿಮೆ ಮಾಡಿದರೆ ಮಾತ್ರೆಗೂ ದುಡ್ಡು ಇರುವುದಿಲ್ಲ.

— ಹಂಗಾದ್ರ ಇಲ್ಲೇ ಹಲಗಿ ಮ್ಯಾಗ ಬಡದು ತೋರಸ್ರಿ. ಖರೇನ ಟೈಪ್ ಮಾಡ್ದಂಗ. ನಾ ಕೈ ನೋಡ್ತೀನಿ.

— ಏನು ಬರೆಯಲಿ?

— ‘ನಾಳೆ ಬೆಳಗ್ಗೆ ಹೇಳು’ ಅಂತ ಬರೀರಿ. ಗಿರಾಕಿಗಳು ನನಗ ದಿನಾ ಹೇಳೂ ಮಾತು.

ನಾನು ಬರಿ ಹಲಗೆಯ ಮೇಲೆ ಬರೆದೆ. ಅವರು ಬಗ್ಗಿ, ಚರ್ಮದಲ್ಲಿ ಗಾಯದ ಗುರುತು ಹುಡುಕುವವರ ಹಾಗೆ, ನನ್ನ ಕೈಯನ್ನೇ ನೋಡಿದರು.

— ಐದು ಸಲ. ಐದು ಸಲ ನಿಮ್ಮ ಕಿರಿಬಟ್ಟು ಹೊರಗ ಹೋಗಿ ಬಂತು. ಒಂದು ಸಲ ಅಂತೂ ಇಡೀ ಮುಂಗೈನೇ ಹೊರಳ್ತು. ಅಲ್ಲಿ ಏನದ?

— ಶಿಫ್ಟ್ ಉಂಟು. ನೀವು ಇಂಗ್ಲಿಷ್ ಆಫೀಸುಗಳ ಕೀಬೋರ್ಡು ರಿಪೇರಿ ಮಾಡಿದವರು, ಅಲ್ಲಿ ಶಿಫ್ಟಿಗೆ ಕೆಲಸ ಕಡಿಮೆ. ವಾಕ್ಯದ ಮೊದಲಿಗೆ ಒಂದು ಸಲ, ಹೆಸರು ಬಂದರೆ ಇನ್ನೊಂದು ಸಲ. ಕನ್ನಡದಲ್ಲಿ ಹಾಗಲ್ಲ. ಕೆ.ಪಿ. ರಾಯರ ವಿನ್ಯಾಸದಲ್ಲಿ ಇಪ್ಪತ್ತಾರೇ ಕೀಲಿ, ಅಷ್ಟರಲ್ಲೇ ಇಡೀ ವರ್ಣಮಾಲೆ. ಸಣ್ಣ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಸಣ್ಣ ‘ಎ’ ಅಕಾರ, ಶಿಫ್ಟಿನೊಂದಿಗೆ ಆಕಾರ. ಲ ಆದ್ರೆ ಬರಿ ‘ಎಲ್’, ಳ ಆದ್ರೆ ಶಿಫ್ಟ್. ಹಾಗೇ ನ ಮತ್ತು ಣ, ಸ ಮತ್ತು ಶ, ಮ ಮತ್ತು ಸೊನ್ನೆ. ಈಗ ನೀವು ಹೇಳಿದ್ದನ್ನೇ ಲೆಕ್ಕ ಹಾಕಿ. ನಾಳೆ ಅನ್ನುವಲ್ಲಿ ದೀರ್ಘಕ್ಕೆ ಒಂದು, ಳಕ್ಕೆ ಒಂದು. ಬೆಳಗ್ಗೆಯ ಳಕ್ಕೆ ಒಂದು. ಹೇಳು ಅನ್ನುವಲ್ಲಿ ಏಕಾರಕ್ಕೆ ಒಂದು, ಮತ್ತೆ ಳಕ್ಕೆ ಒಂದು. ಮೂರು ಮಾತಿಗೆ ಹದಿನೈದು ಅಕ್ಷರದ ಕೀಲಿ, ಅದರಲ್ಲಿ ಐದು ಶಿಫ್ಟ್ ಹಿಡಿದು.

— ಮೂರರಾಗ ಒಂದು! ಅಂದ್ರ ಕನ್ನಡದಾಗ ಬರೆಯೋರಿಗಿ ಕಿರಿಬಟ್ಟು ಅಂದ್ರ ಬಿಟ್ಟಿ ಆಳು.

— ಅದರಲ್ಲೂ ಆಕಾರ ಒಂದು ಶಿಕ್ಷೆ. ‘ಎ’ ಕೀಲಿಯೂ ಎಡ ಕಿರುಬೆರಳಿನದ್ದೇ, ಶಿಫ್ಟೂ ಅದರದ್ದೇ. ಒಂದೇ ಬೆರಳು ಎರಡು ಕಡೆ ಇರಲಿಕ್ಕಾಗುತ್ತದಾ? ಕಿರುಬೆರಳು ಶಿಫ್ಟಿನ ಮೇಲೆ ಹೋದಾಗ ಉಂಗುರದ ಬೆರಳು ‘ಎ’ ಒತ್ತಲಿಕ್ಕೆ ಹೊರಳಬೇಕು. ನೀವು ಕಂಡ ಹೊರಳು ಅದೇ. ಬಲಗಡೆ ಶಿಫ್ಟ್ ಬಳಸಬೇಕು ಅಂತ ಟೈಪಿಂಗ್ ಕ್ಲಾಸಿನಲ್ಲಿ ಕಲಿಸಿದ್ದರು. ಮೂವತ್ತು ವರ್ಷದ ಚಾಳಿ, ಈಗ ಬಿಡುವುದಿಲ್ಲ.

— ಈ ಕೆ.ಪಿ. ರಾಯರು ಯಾರ್ರೀ? ಹಿಂಗ ಯಾಕ ಇಟ್ರು?

— ಅವರನ್ನು ಬೈಯುವ ಹಾಗಿಲ್ಲ ಅಣ್ಣ. ಅವರೂ ಈ ಮುಂಬಯಿಯಲ್ಲಿ ಇದ್ದವರೇ. ಊರು ಮಂಗಳೂರಿನ ಹತ್ತಿರ ಕಿನ್ನಿಕಂಬಳ. ಕೊಲಾಬಾದ ತುದಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು, ಆಮೇಲೆ ಮಾನೋಟೈಪ್ ಕಂಪನಿಯಲ್ಲಿ ಅಕ್ಷರ ಜೋಡಣೆಯ ಕೆಲಸ. ಅವರಿಗಿಂತ ಮುಂಚೆ ಕನ್ನಡದ ಟೈಪ್‌ರೈಟರ್ ಕಲಿಯುವುದೆಂದರೆ ಕೊಂಬು, ಗುಡಿಸು, ಒತ್ತು ಎಲ್ಲ ಬೇರೆ ಬೇರೆ ಕೀಲಿಯಲ್ಲಿ ಹುಡುಕಬೇಕಿತ್ತು, ಅಕ್ಷರದ ಚೂರುಗಳನ್ನು ಜೋಡಿಸಿದ ಹಾಗೆ. ಇವರು, ನಾಲಗೆ ನುಡಿದ ಕ್ರಮದಲ್ಲಿ ಬೆರಳು ಹೋಗಲಿ, ಅಕ್ಷರದ ರೂಪ ಕಟ್ಟುವ ಕೆಲಸ ಯಂತ್ರದ್ದು ಅಂದರು. ಕರ್ನಾಟಕ ಸರ್ಕಾರ ಒಪ್ಪಿದ್ದೂ ಇದೇ ವಿನ್ಯಾಸವನ್ನು, ಸ್ವಲ್ಪ ತಿದ್ದಿ. ಒಂದು ಕಡೆ ಅಂತೂ ಕೈ ಮುಗಿಯಬೇಕು: ಒತ್ತಕ್ಷರಕ್ಕೆ ‘ಎಫ್’ ಕೊಟ್ಟದ್ದು. ಅಕ್ಕ ಅಂತ ಬರೆಯಲಿಕ್ಕೆ ಎ, ಕೆ, ಎಫ್, ಕೆ. ಎಡ ತೋರುಬೆರಳು ಸುಮ್ಮನೆ ಕೂತಿರುವ ಜಾಗವೇ ಎಫ್.

— ಎಫ್ ಮ್ಯಾಗ ಒಂದು ಸಣ್ಣ ಗೀಟು ಇರ್ತದ, ಕೈಗಿ ಹತ್ತಂಗ. ಜೆ ಮ್ಯಾಗೂ ಅದ.

— ಹೌದು! ಇಂಗ್ಲಿಷಿನವರು ಕಣ್ಣು ಮುಚ್ಚಿ ಬೆರಳು ಕೂರಿಸಲಿಕ್ಕೆ ಮಾಡಿದ ಗೀಟು. ಅದು ನಮಗೆ ಒತ್ತಿನ ತಲೆ ಮೇಲೆ ಬಂದು ಕೂತಿತು. ಹಾಗಾಗಿ ಅಕ್ಷರಗಳ ಜಾಗ ಬದಲಾಯಿಸುವುದು ನನಗೆ ಬೇಡ, ಕೈಗೆ ಅಭ್ಯಾಸ ಆಗಿಹೋಗಿದೆ. ನನಗೆ ಬೇಕಾದದ್ದು ಮಣೆಯ ಆಕಾರ. ಶಿಫ್ಟ್ ಕಿರುಬೆರಳಿನಿಂದ ಹೆಬ್ಬೆರಳಿಗೆ ಬರಬೇಕು. ಮತ್ತೆ ಒಂದೇ ತುಂಡಾಗಿರಬೇಕು, ತೊಡೆಯ ಮೇಲೆ ಇಡುವ ಹಾಗೆ.

— ಹೆಬ್ಬಟ್ಟು ಈಗ ಏನು ಮಾಡ್ತದ?

— ಸ್ಪೇಸ್. ಎರಡು ಹೆಬ್ಬೆರಳು ಸೇರಿ ಒಂದು ಉದ್ದದ ಕೀಲಿ.

— ಕೈಯಾಗ ಎಲ್ಲಾಕಿಂತ ಗಟ್ಟಿ ಬಟ್ಟು ಅದು. ಚರ್ಮ ಎಳೀಬೇಕಾದ್ರ, ಅಂಟು ಒತ್ತಬೇಕಾದ್ರ ಹೆಬ್ಬಟ್ಟೇ ಬೇಕು. ಅದನ್ನ ಖಾಲಿ ಕೂಡಿಸಿ ಕಿರಿಬಟ್ಟಿನ ಕೈಲಿ ಹೊರೆ ಹೊರಸ್ಯಾರ. ಯಾರ ಬುದ್ಧಿರೀ ಇದು?

— ಇಡೀ ಮಣೆಯ ಕಟ್ಟೇ ನೂರೈವತ್ತು ವರ್ಷದ ಹಿಂದಿನ ಬುದ್ಧಿ. 1874ರಲ್ಲಿ ರೆಮಿಂಗ್ಟನ್ ಟೈಪ್‌ರೈಟರ್ ಮಾರಾಟಕ್ಕೆ ಬಂತು. ಕೀಲಿ ಒಂದರ ಕೆಳಗೆ ಒಂದು ನೇರ ಇರದೆ ಸಾಲು ಸಾಲು ಸರಿದುಕೊಂಡು ಇರುತ್ತವಲ್ಲ, ಅದು ಬೆರಳಿಗಾಗಿ ಮಾಡಿದ್ದಲ್ಲ. ಪ್ರತಿ ಕೀಲಿಯ ಕೆಳಗೆ ಒಂದು ಸರಳು, ಒಂದು ಸರಳು ಇನ್ನೊಂದಕ್ಕೆ ತಾಗದೆ ಹಿಂದೆ ಹೋಗಬೇಕಿತ್ತು. ಸರಳು ಹೋಗಿ ಎಷ್ಟೋ ಕಾಲ ಆಯಿತು, ಸರಿದದ್ದು ಮಾತ್ರ ಸರಿದೇ ಉಂಟು. 1970ರ ದಶಕದಲ್ಲಿ ಇಂಗ್ಲೆಂಡಿನ ಲಿಲಿಯನ್ ಮಾಲ್ಟ್, ಸ್ಟೀಫನ್ ಹಾಬ್ಡೇ ಅನ್ನುವವರು ಸೇರಿ ಮಾಲ್ಟ್ರಾನ್ ಅಂತ ಒಂದು ಮಾಡಿದರು. ಮಾಲ್ಟ್ ಟೈಪಿಂಗ್ ಕಲಿಸುವುದರಲ್ಲಿ ಪಳಗಿದವರು. ಅದರಲ್ಲಿ ಹೆಬ್ಬೆರಳಿಗೆ ಒಂದು ಗೊಂಚಲು ಕೀಲಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಸುವ ‘ಇ’ ಅಕ್ಷರವನ್ನೇ ಹೆಬ್ಬೆರಳಿಗೆ ಕೊಟ್ಟರು. ಅದನ್ನು ಚೀಲದಲ್ಲಿ ಹಾಕಿಕೊಂಡು ಲೋಕಲ್ ಹತ್ತುವ ಹಾಗಿಲ್ಲ, ಬಟ್ಟಲಿನ ಹಾಗೆ ಗುಳಿ ಉಂಟು.

— ಎರಡು ತುಂಡಿಂದು ಬರ್ತಾವಲ್ರೀ, ನಡುವ ವಾಯರ್? ಒಬ್ಬ ಹುಡುಗ ಅದಕ್ಕ ಚೀಲ ಹೊಲಿಸ್ಕೊಂಡು ಹೋದ.

— ಅದು ಮೇಜಿನ ಮೇಲೆ ಚಂದ. ಭುಜದ ಅಗಲಕ್ಕೆ ಕೈ ಚಾಚಿ ಇಡಬಹುದು. ನಾನು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಕೂತು ಕೆಲಸ ಮಾಡುವವಳು. ಎರಡು ತೊಡೆಗೆ ಎರಡು ತುಂಡು ಇಟ್ಟುಕೊಂಡರೆ ಸೊಲ್ಲಾಪುರ ಬರುವುದರೊಳಗೆ ಒಂದು ಕೆಳಗೆ ಯಾರದ್ದೋ ತಲೆ ಮೇಲೆ. ಅಮೆರಿಕದ ಫಿಲ್ ಹೇಗಲ್‌ಬರ್ಗ್ ಅನ್ನುವ ಒಬ್ಬ ಪ್ರೋಗ್ರಾಮರ್ 2014ರ ಹೊತ್ತಿಗೆ ಏಟ್ರಿಯಸ್ ಅಂತ ಮಾಡಿದ್ದು ನನ್ನ ಮನಸ್ಸಿಗೆ ಹಿಡಿಸಿದೆ. ಒಂದೇ ತುಂಡು, ನಲವತ್ತೆರಡೇ ಕೀಲಿ, ಎರಡು ಕೈಯ ಕಂಬಗಳೂ ಒಳಮುಖವಾಗಿ ವಾಲಿಕೊಂಡು. ಈ ರಟ್ಟು ಅದರದ್ದೇ ವಂಶ, ಆದರೆ ಕೀಲಿ ಮೂವತ್ತಾರು. ಒಂದೊಂದು ಕೈಗೆ ಐದು ಕಂಬ, ಕಂಬಕ್ಕೆ ಮೂರು, ಹೆಬ್ಬೆರಳಿಗೆ ಮೂರು. ಮೂವತ್ತರಲ್ಲಿ ಇಪ್ಪತ್ತಾರು ಅಕ್ಷರ, ನಾಲ್ಕು ಚಿಹ್ನೆ. ಅಂಕಿಗಳು ಒಂದು ಪದರ ಕೆಳಗೆ, ಹೆಬ್ಬೆರಳಲ್ಲಿ ಒಂದನ್ನು ಹಿಡಿದರೆ ಮೇಲೆ ಬರುತ್ತವೆ.

— ಕಂಬ ಒಂದಕ್ಕೊಂದು ಮ್ಯಾಲ ಕೆಳಗ ಯಾಕ ಇಟ್ಟೀರಿ?

— ಕೈ ಚಾಚಿ ನೋಡಿ. ನಡುಬೆರಳು ಉದ್ದ, ಕಿರುಬೆರಳು ಗಿಡ್ಡ. ಬೆರಳು ಎಷ್ಟು ಉದ್ದವೋ ಅದರ ಕಂಬ ಅಷ್ಟು ಮುಂದೆ. ನನ್ನ ಕೈ ರಟ್ಟಿನ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿದ್ದು.

— ಇದು ಫರ್ಮಾರೀ! ಕಾಲಿನ ಫರ್ಮಾ ಇಟ್ಟು ಚಪ್ಪಲ್ ಮಾಡ್ತೀವಿ. ಕಂಪನಿಯವರು ಏಳು, ಎಂಟು, ಒಂಬತ್ತು ಅಂತ ನಂಬರ್ ಹಾಕ್ತಾರ. ಕಾಲು ನಂಬರ್ ಪ್ರಕಾರ ಬೆಳೀತದೇನು? ನಂಬರ್ ಇಲ್ಲದ ಕಾಲಿಗಿ ಫರ್ಮಾನೇ ಬೇಕು. ತಡೀರಿ, ನಾ ಒಂದು ಕೇಳ್ತೀನಿ. ನಡುವ ಚರ್ಮ ಹಾಕಿ ಮಡಚೂ ಹಂಗ ಮಾಡಿದ್ರ? ಪುಸ್ತಕದಂಗ? ಕಿಸೆದಾಗ ಬರ್ತದ.

— ನಾನೂ ಯೋಚಿಸಿದ್ದೆ. ಮಡಿಕೆಯ ಮೂಲಕ ತಂತಿ ಹೋಗಬೇಕಲ್ಲ.

— ಹೌದು... ತಂತಿ. ಹಳೆ ಲ್ಯಾಪ್‌ಟಾಪಿನ ಕೀಲು ಬಿಚ್ಚಿದ್ರ ಮೊದಲು ಹೋಗಿರೂದು ಅದ. ಚಪ್ಪಟಿ ಪಟ್ಟಿ ಹಾಕಿದ್ರೂ ದಿನಾ ಮಡಚಿ ಬಿಚ್ಚಿದ್ರ ಒಂದಿನ ಕತ್ತರಿಸ್ತದ. ಮತ್ತ ತೊಡಿ ಮ್ಯಾಗ ಇಟ್ರ ನಡುವ ಕುಸೀತದ. ಬ್ಯಾಡ ಬಿಡ್ರಿ, ನಂದೇ ಮಾತು ವಾಪಸ್ ತಗೊಂಡೆ.

ನನಗೆ ಇದು ಹಿಡಿಸಿತು. ತನ್ನ ಕಸುಬಿನ ಚರ್ಮವನ್ನೇ ಬೇಡ ಅನ್ನುವವರ ಮಾತನ್ನು ಮುಂದೆ ನಂಬಬಹುದು.

— ಸ್ವಿಚ್ ಯಾವುದು ತಂದೀರಿ?

— ತಂದಿಲ್ಲ, ಅದನ್ನೇ ಕೇಳಬೇಕು. ಎರಡು ಜಾತಿ ಉಂಟು. ಜರ್ಮನಿಯ ಚೆರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್, ಎತ್ತರದ್ದು. ನಾಲ್ಕು ಮಿಲಿಮೀಟರ್ ಕೆಳಗೆ ಹೋಗುತ್ತದೆ, ಎರಡಕ್ಕೇ ಅಕ್ಷರ ಬೀಳುತ್ತದೆ. ಇನ್ನೊಂದು ಕೈಲ್ ಕಂಪನಿಯ ಚಾಕ್, ಗಿಡ್ಡ, ಮೂರೇ ಮಿಲಿಮೀಟರ್. ಪ್ರಯಾಣಕ್ಕೆ ಚಾಕ್ ತೆಳ್ಳಗಾಗುತ್ತದೆ.

— ತೆಳ್ಳಗ ಆಗ್ತದ, ಖರೆ. ಕೀಲಿ ಮ್ಯಾಲಿನ ಟೋಪಿ ಎಲ್ಲಿಂದ ತರ್ತೀರಿ?

— ತರಿಸಬೇಕು.

— ದಾರ್ಯಾಗ ಒಂದು ಬಿದ್ದು ಹೋದ್ರ? ಚಾಕಿನ ಟೋಪಿಗಿ ಕೆಳಗ ಎರಡು ಕಾಲು, ಎಂಎಕ್ಸಿಗಿ ಅಧಿಕ ಚಿಹ್ನೆ ಹಂಗ ಒಂದು ಕಂಬ. ಅದು ಇದಕ್ಕ ಕೂಡಂಗಿಲ್ಲ. ಈ ಗೋಣಿ ಚೀಲ ನೋಡ್ರಿ. ಅದರಾಗ ಎಲ್ಲಾ ಟೋಪಿನೇ. ಟಿವಿಎಸ್ ಗೋಲ್ಡ್ ನೆನಪದೇನು?

— ರೈಲ್ವೆ ಟಿಕೆಟಿನ ಕಿಟಕಿಯಲ್ಲಿ ಕಟಕಟ ಅನ್ನುತ್ತಿದ್ದದ್ದಾ?

— ಅದೇ. ಬ್ಯಾಂಕು, ಅಂಗಡಿ, ಕೋರ್ಟು, ಎಲ್ಲಾ ಕಡಿ ಅದೇ ಇತ್ತು. ಬಿಚ್ಚಿದ್ರ ಒಳಗ ಚೆರಿ ನೀಲಿ ಸ್ವಿಚ್. ಕೀಬೋರ್ಡ್ ಸಾಯ್ತಿತ್ತು, ಸ್ವಿಚ್ ಸಾಯ್ತಿರಲಿಲ್ಲ. ಹೊರದೇಶದಾಗ ಶೋಕಿ ಮಾಡೋರು ಸಾವಿರಗಟ್ಟಲೆ ಕೊಟ್ಟು ತಗೊಳ್ಳೂದನ್ನ ನಮ್ಮ ಗುಮಾಸ್ತರು ಚಹಾ ಚೆಲ್ಲಿ ಬಡಿತಿದ್ರು.

— ನೀಲಿ ಬೇಡ ಅಣ್ಣ. ಒಂದೇ ರೂಮಿನ ಮನೆ, ರಾತ್ರಿ ಮಗಳು ಮಲಗಿರುತ್ತಾಳೆ. ಸದ್ದಿಲ್ಲದೆ ನೇರ ಇಳಿಯುವ ಸ್ವಿಚ್ ಹಾಕುವ. ಆದರೆ ಟೋಪಿ ನಿಮ್ಮ ಗೋಣಿಯದ್ದೇ ಆಗಲಿ. ಸರಿ, ಎಂಎಕ್ಸೇ ಇರಲಿ, ಒಂದಿಷ್ಟು ದಪ್ಪವಾದರೆ ಆಗಲಿ. ಇದರಲ್ಲಿ ಒಳ್ಳೆಯದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

— ನಮ್ಮಪ್ಪ ತೇರಾ ಕಂಪೌಂಡಿನಾಗ ಪ್ಲಾಸ್ಟಿಕ್ ಬೇರೆ ಮಾಡೂ ಕೆಲಸಕ್ಕಿದ್ದ. ಉಗುರಲೆ ಗೀರಿ, ನೆಲಕ್ಕ ಒಗದು ಸಪ್ಪಳ ಕೇಳಿ, ಸುಟ್ಟು ವಾಸನಿ ನೋಡಿ ಹೇಳ್ತಿದ್ದ, ಇದು ಎಬಿಎಸ್, ಇದು ಪಿಪಿ ಅಂತ. ಆ ಹೊಗಿ ಅವನ ಎದಿಯಾಗ ಕುಂತು ಅವನನ್ನೇ ತಿಂತು, ಅದು ಬ್ಯಾರೆ ಮಾತು. ನಾ ಸುಡಂಗಿಲ್ಲ. ಬಕೆಟಿನಾಗ ನೀರು, ಅದರಾಗ ಉಪ್ಪು, ಕರಗೂದು ನಿಲ್ಲೂ ತನಕ. ಟೋಪಿ ಎಬಿಎಸ್ ಇರ್ತಾವ, ಇಲ್ಲಾ ಪಿಬಿಟಿ; ಬರಿ ನೀರಿನಾಗ ಎರಡೂ ಜಾತಿ ಮುಳುಗ್ತಾವ. ಉಪ್ಪು ನೀರಿನಾಗ ಎಬಿಎಸ್ ತೇಲ್ತದ, ಪಿಬಿಟಿ ಮುಳುಗೇ ಇರ್ತದ. ಮುಳುಗಿದ್ದು ನಿಮಗ. ಎಬಿಎಸ್ ನಾಕು ತಿಂಗಳಿಗಿ ಬಟ್ಟಿನ ಜಿಡ್ಡಿಗಿ ಮಿಂಚಾಕ ಹತ್ತತದ, ಪಿಬಿಟಿ ಬೇಗ ಮಿಂಚಂಗಿಲ್ಲ.

— ಮೇಲೆ ಇಂಗ್ಲಿಷ್ ಅಕ್ಷರ ಇರುತ್ತದಲ್ಲ?

— ಉಲ್ಟಾ ಸುಲ್ಟಾ ಹಾಕ್ತೀನಿ, ಯಾರೂ ನೋಡಿ ಬರೀಬಾರದು.

— ಎಫ್ ಮತ್ತು ಜೆ ಮಾತ್ರ ಅವುಗಳ ಜಾಗದಲ್ಲೇ ಇರಲಿ. ಒತ್ತು ಕೈತಪ್ಪಿದರೆ ಕನ್ನಡ ಇಲ್ಲ.

— ಆಯ್ತ್ರೀ. ಇನ್ನ ಸ್ವಿಚ್ ಕೂಡೂ ತಗಡು. ಮೂರು ಮಿಲಿಮೀಟರ್ ಅಕ್ರಿಲಿಕ್ ಕತ್ತರಿಸಿದ್ರ ಅಗ್ಗ, ಖರೆ ಸ್ವಿಚ್ಚಿನ ಹಲ್ಲು ಕಚ್ಚಂಗಿಲ್ಲ; ಅದರ ಹಲ್ಲು ಒಂದೂವರಿ ಮಿಲಿಮೀಟರ್ ತಗಡಿಗಿ ಮಾಡಿದ್ದು. ಸ್ಟೀಲ್ ಹಾಕೂಣು. ತೂತು ಹದಿನಾಲ್ಕು ಮಿಲಿಮೀಟರ್ ಚೌಕ. ಒಂದು ತೂತಿನ ನಡುವಿಂದ ಇನ್ನೊಂದರ ನಡುವಿಗಿ ಮುಕ್ಕಾಲು ಇಂಚು.

— 19.05. ನಾನು ನಕ್ಷೆಯಲ್ಲಿ ಹದಿನಾಲ್ಕು ಅಂತಲೇ ಬರೆದಿದ್ದೇನೆ.

— ಹಂಗ ಕೊಟ್ರ ಸಡಿಲ ಆಗ್ತದ. ಲೇಸರ್ ತಾನೂ ಒಂದಿಷ್ಟು ತಿಂತದ್ರೀ, ಕೂದಲೆಳಿ ಅಷ್ಟು. ಕತ್ತರಿ ಆದ್ರ ತಿನ್ನಂಗಿಲ್ಲ, ಲೇಸರ್ ತಿಂತದ. ಮೊದಲು ಒಂದು ಪಟ್ಟಿ ಮ್ಯಾಗ 13.8, 13.9, 14 ಅಂತ ಮೂರು ತೂತು ಹೊಡಸ್ತೀನಿ. ಯಾವುದು ಗಟ್ಟಿ ಕಚ್ಚತದೋ ಅದು. ಒಂದ ಸಲಕ್ಕ ಮೂವತ್ತಾರು ಹೊಡಸಿ ಅಳೂದು ಬ್ಯಾಡ.

— ನಿಮ್ಮ ಮಾತು ಮುಗಿಯಿತು ಅಂದ್ಕೊಂಡರೆ ಇನ್ನೂ ಏನೋ ಉಂಟು ಮುಖದಲ್ಲಿ.

— ಅದ. ನೋಡ್ರಿ, ಈ ರಟ್ಟು ಸಪಾಟ್ ಅದ. ನಿಮ್ಮ ಕೈ ಸಪಾಟ್ ಇಲ್ಲ. ಹಲಗಿ ಮ್ಯಾಗ ಅಂಗೈ ಪೂರಾ ಕೆಳಗ ಮಾಡಬೇಕಾದ್ರ ಮುಂಗೈ ಎಲುಬು ತಿರುಗ್ತದ. ಹಂಗ ಸುಮ್ಮಕ ಕೈ ಇಟ್ರ ಹೆಬ್ಬಟ್ಟಿನ ಕಡಿ ಎತ್ತರ, ಕಿರಿಬಟ್ಟಿನ ಕಡಿ ತಗ್ಗು. ಆ ಎರಡು ತುಂಡಿನೋರು ನಡುವ ಎತ್ತಿ ಇಡ್ತಾರ, ಡೇರೆ ಹಂಗ. ನಾವು ತಗಡು ನಡುವ ಬಗ್ಗಿಸೂಣು. ಪಕ್ಕದ ಗಲ್ಲಿಯಾಗ ತಗಡು ಬಗ್ಗಸೂ ಪ್ರೆಸ್ ಅದ. ಒಂದೊಂದು ಕಡಿ ಐದು ಡಿಗ್ರಿ, ಛಪ್ಪರದಂಗ.

— ಎತ್ತರ ಎಷ್ಟಾಗುತ್ತದೆ?

— ಪೂರಾ ಅಗಲ ಎಷ್ಟ್ರೀ?

— ಇಪ್ಪತ್ತನಾಲ್ಕು ಸೆಂಟಿಮೀಟರ್ ಹತ್ತಿರ.

— ಅರ್ಧ ಹನ್ನೆರಡು. ಐದು ಡಿಗ್ರಿಗಿ ನಡುವ ಒಂದು ಸೆಂಟಿಮೀಟರ್ ಏಳ್ತದ. ಅಷ್ಟೇ. ಬಗ್ಗಸೂ ಗೆರಿ ಹತ್ತಿರ ತೂತು ಇಡಬ್ಯಾಡ್ರಿ, ತೂತು ಎಳಕೊಂಡು ಸೊಟ್ಟ ಆಗ್ತದ. ಮತ್ತ ಆ ಎದ್ದ ಜಾಗದ ಕೆಳಗ ಪೊಳ್ಳು ಉಳೀತದಲ್ರೀ, ನಿಮ್ಮ ಚಿಪ್ಪಿನ ಬೋರ್ಡ್ ಅಲ್ಲೇ ಮಲಗ್ತದ.

ಅದನ್ನು ನಾನು ಎಷ್ಟು ರಾತ್ರಿ ಕೂತರೂ ಕಂಡಿರಲಿಲ್ಲ. ಮೂರು ತಿಂಗಳಿಂದ ನನ್ನ ನಕ್ಷೆಯಲ್ಲಿ ಬೋರ್ಡಿಗೆ ಜಾಗ ಇರಲಿಲ್ಲ. ಮೇಲಿಟ್ಟರೆ ಗೂನು, ಬದಿಗಿಟ್ಟರೆ ಬಾಲ. ರಾಸ್ಪ್‌ಬೆರಿ ಪೈ ಪಿಕೊ ಅನ್ನುವ ಆ ಬೋರ್ಡು ಐವತ್ತೊಂದು ಮಿಲಿಮೀಟರ್ ಉದ್ದ, ಇಪ್ಪತ್ತೊಂದು ಅಗಲ. ಒಳಮುಖ ವಾಲಿದ ಎರಡು ಕೈಗಳ ನಡುವೆ ಉಳಿಯುವ ತ್ರಿಕೋನಕ್ಕೆ ಅಳೆದು ಮಾಡಿದ ಹಾಗೆ.

— ಅಣ್ಣ, ಮೂವತ್ತಾರು ಕೀಲಿಗೆ ಮೂವತ್ತಾರು ತಂತಿ ಬೇಕಲ್ಲ, ಬೋರ್ಡಿನಲ್ಲಿ ಅಷ್ಟು ಕಾಲು ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

— ನನಗ ಹೇಳಾಕ ಬಂದೀರೇನು? ಆರು ಅಡ್ಡ, ಆರು ಉದ್ದ, ಹನ್ನೆರಡು ತಂತಿ. ನೂಲಿನ ಹಾಸು ಹೊಕ್ಕು ಇದ್ದಂಗ. ಬೋರ್ಡು ಒಂದೊಂದು ಹಾಸಿನ ಎಳಿಗಿ ಕರೆಂಟ್ ಬಿಟ್ಟು ಯಾವ ಹೊಕ್ಕಿನಾಗ ಬಂತು ಅಂತ ನೋಡ್ತದ. ಒಂದು ಸೆಕೆಂಡಿನಾಗ ನೂರಾರು ಸಲ. ಒಂದು ಚೌಕದ ಮೂರು ಮೂಲಿ ಒಮ್ಮಿಗೇ ಒತ್ತಿದ್ರ ನಾಕನೇದೂ ಒತ್ತಿದಂಗ ಸುಳ್ಳು ಹೇಳ್ತದ. ಅದಕ್ಕ ಒಂದೊಂದು ಸ್ವಿಚ್ಚಿಗಿ ಒಂದೊಂದು ಡಯೋಡ್. ಸೈಕಲ್ ಟ್ಯೂಬಿನ ವಾಲ್ವ್ ಇದ್ದಂಗ, ಒಳಗ ಬಿಡ್ತದ, ವಾಪಸ್ ಬಿಡಂಗಿಲ್ಲ. 1ಎನ್ 4148, ಲ್ಯಾಮಿಂಗ್ಟನ್ ರೋಡಿನಾಗ ಮುಷ್ಟಿ ತುಂಬ ತರ್ತೀನಿ. ಪಿಸಿಬಿ ಮಾಡ್ಸೂದು ಬ್ಯಾಡ, ಒಂದಕ್ಕ ಯಾರೂ ಮಾಡಿಕೊಡಂಗಿಲ್ಲ. ಕೈಲೇ ಹೆಣಿತೀನಿ.

— ಬ್ಯಾಟರಿಯೂ ಬೇಡ. ತಂತಿಯೇ ಇರಲಿ, ಚಾರ್ಜ್ ಕೇಳುವ ಇನ್ನೊಂದು ಬಾಯಿ ಮನೆಯಲ್ಲಿ ಬೇಡ. ಆದರೆ ಟೈಪ್ ಸಿ ಇರುವ ಬೋರ್ಡ್ ತನ್ನಿ.

— ಅದು ಆಗ್ತದ. ಈಗ ಹೆಬ್ಬಟ್ಟಿನ ಮಾತು. ಆರು ಕೀಲಿ ಕೊಟ್ಟೀರಿ ಎರಡಕ್ಕ. ಸ್ಪೇಸಿಗಿ ಒಂದು, ಶಿಫ್ಟಿಗಿ ಒಂದು?

— ಹೌದು. ಒಂದೇ ಕೀಲಿಯಲ್ಲಿ ಎರಡೂ ಮಾಡಬಹುದು, ತಟ್ಟಿದರೆ ಸ್ಪೇಸ್, ಹಿಡಿದರೆ ಶಿಫ್ಟ್. ಎರಡು ವಾರ ಹಳೆ ಕೀಬೋರ್ಡಿನಲ್ಲಿ ಪರೀಕ್ಷೆ ಮಾಡಿದೆ. ಅವಸರದಲ್ಲಿ ‘ಹೇಳು’ ಬರೆದರೆ ‘ಹೇ ಲು’ ಅಂತ ಒಡೆದು ಬಂತು. ಹಾಗಾಗಿ ಬೇರೆ ಬೇರೆ. ಅದರಲ್ಲಿ ಶಿಫ್ಟನ್ನು ಹಿಡಿದುಕೊಂಡೇ ಇರಬೇಕೆಂದಿಲ್ಲ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಹತ್ತುವ ಹಾಗೆ ಮಾಡಬಹುದು. ಕ್ಯೂಎಂಕೆ ಅನ್ನುವ ಫರ್ಮ್‌ವೇರಿನಲ್ಲಿ ಅದೆಲ್ಲ ಉಂಟು, ಯಾರು ಬೇಕಾದರೂ ತಿದ್ದಬಹುದು.

— ಅಂದ್ರ ಕನ್ನಡ ಈ ಬೋರ್ಡಿನಾಗ ತುಂಬ್ತೀರಿ?

— ಇಲ್ಲ ಅಣ್ಣ, ಕೀಲಿಮಣೆಗೆ ಯಾವ ಭಾಷೆಯೂ ಗೊತ್ತಿಲ್ಲ. ‘ಎ’ ಒತ್ತಿದರೆ ಅದು ಕಂಪ್ಯೂಟರಿಗೆ ಹೇಳುವುದು ನಾಲ್ಕನೇ ನಂಬರು ಒತ್ತಿದರು ಅಂತ. ಅದನ್ನು ಅಕಾರ ಮಾಡುವುದು ಆಚೆಯವರ ಕೆಲಸ. ಹಾಗಾಗಿಯೇ ಇದನ್ನು ಮಗಳು ಇಂಗ್ಲಿಷಿಗೆ, ಪಕ್ಕದ ಮನೆಯವರು ಮರಾಠಿಗೆ ಬಳಸಬಹುದು. ಆದರೆ ಒಂದು ವಿಷಯ ಮಾತ್ರ ಕನ್ನಡಕ್ಕೇ ಅಂತ ಮಾಡಬೇಕೆಂದಿದ್ದೇನೆ. ನೀವು ಭಜನೆಗೆ ಹೋಗುತ್ತೀರಾ?

— ಶುಕ್ರವಾರ ರಾತ್ರಿ ತತ್ವಪದ ಹಾಡ್ತೀವಿ. ಕಡಕೋಳ ಮಡಿವಾಳಪ್ಪನ ಪದ. ಯಾಕ್ರೀ?

— ಹಾಡುವಾಗ ‘ಅ’ ಎಷ್ಟು ಹೊತ್ತು, ‘ಆ’ ಎಷ್ಟು ಹೊತ್ತು?

— ಅ ಒಂದು ಮಾತ್ರಿ, ಆ ಎರಡು ಮಾತ್ರಿ. ಸಾಲ್ಯಾಗ ಕಲಿಸಿದ್ದು, ತಾಳ ಹಾಕಿದ್ರ ತಾನೇ ತಿಳೀತದ.

— ಬೆರಳೂ ಹಾಗೇ ಮಾಡಲಿ. ಆ ಫರ್ಮ್‌ವೇರಿನಲ್ಲಿ ಒಂದು ಸೌಲಭ್ಯ ಉಂಟು. ಕೀಲಿಯನ್ನು ತಟ್ಟಿ ಬಿಟ್ಟರೆ ಸಣ್ಣಕ್ಷರ, ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಶಿಫ್ಟ್ ಇಲ್ಲದೆಯೇ ದೊಡ್ಡಕ್ಷರ. ಮೊದಲೇ ಇಟ್ಟಿರುವ ಗಡುವು 175 ಮಿಲಿಸೆಕೆಂಡ್, ಅಂದರೆ ಸುಮಾರು ಸೆಕೆಂಡಿನ ಆರರಲ್ಲಿ ಒಂದು ಪಾಲು. ಇಂಗ್ಲಿಷಿಗೆ ಅದು ಬರಿ ಅನುಕೂಲ. ನಮಗೆ ದೊಡ್ಡಕ್ಷರ ಅಂದರೆ ದೀರ್ಘ! ಅ ತಟ್ಟಿದರೆ ಅ, ಹಿಡಿದರೆ ಆ. ಇ, ಉ, ಎ, ಒ ಎಲ್ಲ ಹಾಗೇ. ನಾಲಗೆ ಎಷ್ಟು ಎಳೆಯುತ್ತದೋ ಬೆರಳೂ ಅಷ್ಟೇ.

ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಹಲಗೆಯ ಮೇಲೆ ಬೆರಳಿಟ್ಟು ಒಮ್ಮೆ ತಟ್ಟಿದರು, ಒಮ್ಮೆ ಒತ್ತಿ ಹಿಡಿದರು.

— ಲಘು. ಗುರು.

— ಲಘು, ಗುರು.

— ಇನ್ನೂ ಹಿಡಿದ್ರ?

— ಅದು ಪ್ಲುತ. ಮೂರು ಮಾತ್ರೆಗೆ ಕೀಲಿ ಇಲ್ಲ.

— ಮತ್ತ ಕ, ಖ? ಅದು ಎಳಿಯೂದಲ್ಲ, ಉಸಿರು ಬಿಡೂದು. ಲ, ಳ ಅಂತೂ ನಾಲಗಿ ಮಡಚೂದು. ಅದನ್ನೂ ಎಳಸಿದ್ರ ತಪ್ಪಾಗ್ತದ.

— ಅದಕ್ಕೇ ವ್ಯಂಜನಗಳಿಗೆ ಈ ನಿಯಮ ಬೇಡ. ಅವು ಹೆಬ್ಬೆರಳಿನ ಶಿಫ್ಟಿಗೆ. ಎಳೆಯುವುದು ಸ್ವರಕ್ಕೆ ಮಾತ್ರ. ಆದರೆ ಒಂದು ಕಷ್ಟ ಉಂಟು ಅಣ್ಣ, ಮುಚ್ಚಿಡುವುದಿಲ್ಲ. ಬೆರಳು ಎತ್ತುವ ತನಕ ಅಥವಾ ಗಡುವು ಮುಗಿಯುವ ತನಕ ಅ ಯಾವುದು ಆ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಅಕ್ಷರ ಪರದೆಯ ಮೇಲೆ ಒಂದು ಕ್ಷಣ ತಡವಾಗಿ ಬೀಳುತ್ತದೆ.

— ಬೀಳ್ಳಿ ಬಿಡ್ರಿ. ಏಕತಾರಿ ಮೀಟಿದ ಕೂಡ್ಲೇ ಪದ ಬರ್ತದೇನು? ಕೈಗಿ ತಾಳ ಹತ್ತಿದ್ರ ಸಾಕು. ಖರೆ ಆ 175 ನಿಮ್ಮ ಕೈಗಿ ಸರಿ ಅಂತ ಹೆಂಗ ಹೇಳ್ತೀರಿ? ಅದೂ ಕಂಪನಿ ನಂಬರೇ ಅಲ್ಲ?

— ... ಹೌದಲ್ಲ.

— ಅದಕ್ಕೂ ಪಟ್ಟಿ ಕತ್ತರಿಸ್ರಿ. 150, 175, 200. ಯಾವುದು ಕಚ್ಚತದೋ ಅದು.

ಚಹಾ ಬಂತು. ಮಳೆಗಾಲದಲ್ಲಿ ಚರ್ಮಕ್ಕೆ ಬೂಸು ಹತ್ತುತ್ತದೆ, ಹಾಗಾಗಿ ಮಣೆಯ ತಳ ಅಕ್ರಿಲಿಕ್ಕಿನದ್ದು, ಚರ್ಮ ಚೀಲಕ್ಕೆ ಮಾತ್ರ ಅಂತ ಅವರೇ ತೀರ್ಮಾನ ಕೊಟ್ಟರು. ತಗಡಿಗೆ ಪೌಡರ್ ಕೋಟಿಂಗ್, ಇಲ್ಲದಿದ್ದರೆ ಸಮುದ್ರದ ಗಾಳಿಗೆ ತುಕ್ಕು. ದುಡ್ಡಿನ ಮಾತಿಗೆ ಇಬ್ಬರೂ ಸ್ವಲ್ಪ ಕೊಸರಾಡಿದೆವು. ಅದು ಇಲ್ಲಿ ಬೇಡ.

ಕೊನೆಗೆ ಅವರು ಚರ್ಮಕ್ಕೆ ಗುರುತು ಹಾಕುವ ಬೆಳ್ಳಿ ಬಣ್ಣದ ಪೆನ್ನು ತೆಗೆದು, ರಟ್ಟನ್ನು ನಡುವೆ ಮೆಲ್ಲಗೆ ಮಡಚಿ, ಕೆಳಗೆ ಚಪ್ಪಲಿ ಸೋಲಿನ ಎರಡು ಚೂರು ಇಟ್ಟು, ನನ್ನ ತೊಡೆಯ ಮೇಲೆ ಇಟ್ಟರು.

— ಈಗ ಬರೀರಿ.

— ಏನು?

— ಊರಿನ ಹೆಸರು. ಈ ಊರಿಂದು.

ಧಾರಾವಿ. ಹಳೆಯ ಮಣೆಯಲ್ಲಾಗಿದ್ದರೆ ‘ಧ’ ಅಕ್ಷರಕ್ಕೆ ಒಂದು ಶಿಫ್ಟ್, ಎರಡು ಆಕಾರಕ್ಕೆ ಎರಡು. ಹೆಬ್ಬೆರಳು ತಟ್ಟಿ ಧ, ಎಡ ಕಿರುಬೆರಳು ತನ್ನ ಜಾಗದಲ್ಲೇ ಒತ್ತಿ ಹಿಡಿದು ಆ, ರ, ಮತ್ತೆ ಹಿಡಿದು ಆ, ವಿ.

— ಕಿರಿಬಟ್ಟು ಹೊರಗ ಹೋಗಲಿಲ್ಲ. ಖರೆ ಹೆಬ್ಬಟ್ಟು ಚಾಚ್ತು, ನೋಡಿದ್ರೇನು? ಕೀಲಿ ಇನ್ನ ಅರ್ಧ ಬಟ್ಟು ಒಳಗ ಬರಬೇಕು. ಇನ್ನೊಮ್ಮಿ ಬರೀರಿ.

ಇನ್ನೊಮ್ಮೆ ಬರೆದೆ. ಅವರು ಹೆಬ್ಬೆರಳು ಬಿದ್ದಲ್ಲಿ ಬೆಳ್ಳಿಯ ಚುಕ್ಕೆ ಇಟ್ಟರು. ಮೂರನೆಯ ಸಲ ಬರೆದಾಗ ಬೆರಳು ಚುಕ್ಕೆಯ ಮೇಲೇ ಬಿತ್ತು. ರಟ್ಟು ಅಲ್ಲೇ ಬಿಟ್ಟು ಏಣಿ ಇಳಿದೆ. ಗೋಡೆಯ ಮೇಲೆ ಸರ್ವೆಯವರು ಬರೆದು ಹೋದ ನಂಬರು, ಅದರ ಕೆಳಗೆ ಮೊಳೆಗೆ ನೇತುಹಾಕಿದ ಮರದ ಫರ್ಮಾಗಳ ಸಾಲು.

— ಬುಧವಾರ ಬರ್ರಿ ಅಕ್ಕಾರ. ಮೂರು ತೂತಿನ ಪಟ್ಟಿ ತಯಾರ್ ಇರ್ತದ.

— ಬುಧವಾರ ಬೆಳಗ್ಗೆಯಾ?

— ನಾಳೆ ಬೆಳಗ್ಗೆ ಹೇಳ್ತೀನಿ.